ತುಳಸಿಯ ಹೊಟ್ಟೆ ಓದಿದ ಮಲ್ಲಿನಾಥ

ಮನೆಗೆ ಬಂದವರು ನಿಮ್ಮ ಮೊಣಕಾಲು ನೋವು ವಿಚಾರಿಸುವ ಮೊದಲು, ನಿಮ್ಮ ಬೆಕ್ಕಿನ ಹೊಟ್ಟೆ ಬೆಳಿಗ್ಗೆ ಸರಿಯಾಗಿ ಖಾಲಿಯಾಯಿತೇ ಎಂದು ಕೇಳಿದ್ದುಂಟೇ? ಇಲ್ಲವಲ್ಲ? ಹಾಗಾದರೆ ನಿಮಗೆ ಮಲ್ಲಿನಾಥನಂಥ ನೆರೆಯವನು ಸಿಕ್ಕಿಲ್ಲ. ಪುಣ್ಯವಂತರು ನೀವು.

ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಕಟ್ಟಡದಲ್ಲಿ, ನಮ್ಮ ಮೇಲಿನ ಮನೆಗೆ ಅವನು ಬಾಡಿಗೆಗೆ ಬಂದ. ಆಳಂದದ ಕಡೆಯವನು, ನಲವತ್ತು ದಾಟಿದ ಬ್ರಹ್ಮಚಾರಿ, ಮೇಲಾಗಿ ವಿಜ್ಞಾನಿ. ರಾಕೆಟ್ಟು ಗಿಕೆಟ್ಟು ಹಾರಿಸುತ್ತಾನೆ ಅಂದುಕೊಂಡಿದ್ದೆ. ನಡೆಯುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೆಲವನ್ನೇ ನೋಡುತ್ತಿದ್ದ. ಎಂಥ ವಿನಯ ಎಂದು ಹೆಂಗಸರೆಲ್ಲ ಹೊಗಳಿದರು. ಆಮೇಲೆ ತಿಳಿಯಿತು, ಅವನು ಹುಡುಕುತ್ತಿದ್ದುದು ಹಿಕ್ಕೆ. ಪಾರಿವಾಳದ್ದು, ಬಾವಲಿಯದ್ದು, ಬೀದಿನಾಯಿಯದ್ದು. ಕಂಡರೆ ಸಾಕು, ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ದೇವರ ಪ್ರಸಾದದಷ್ಟು ಜೋಪಾನವಾಗಿ ಎತ್ತಿಕೊಳ್ಳುತ್ತಿದ್ದ.

ಅದರಲ್ಲಿ ಏನು ನಿಧಿ ಇದೆಯಪ್ಪಾ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಪತ್ರ ಅದಾವ್ರಿ ಅಜ್ಜಿ. ಯಾರೋ ಸಾವಿರ ಪತ್ರ ಹರದು ಒಂದ ಚೀಲದಾಗ ತುಂಬ್ಯಾರ ಅಂತ ತಿಳೀರಿ. ನಮ್ಮ ಯಂತ್ರ ಒಂದೊಂದ ಚೂರು ಓದತದ, ಕಂಪ್ಯೂಟರ್ ಜೋಡಸತದ. ಯಾರ ಪುಸ್ತಕದಾಗೂ ಇಲ್ಲದ ಪತ್ರ ಸಿಕ್ತಂದ್ರ, ಅದು ಹೊಸಾ ವೈರಸ್."

"ಇದ್ದ ರೋಗ ಸಾಲಂಗಿಲ್ಲೇನೋ, ಹೊಸಾದು ಹುಡಕಾಕ?"

"ಅದು ಮೊದಲಿಂದೂ ಅಲ್ಲೇ ಅದರಿ. ನಮಗ ಗೊತ್ತಾಗೂದು ಹೊಸಾದು. ಮತ್ತ ಎಲ್ಲಾ ವೈರಸ್ ಕೆಟ್ಟ ಇರಂಗಿಲ್ಲ."

"ಸೊಸೆಂದ್ರು ಇದ್ದಂಗ," ಅಂದೆ. ಸೊಸೆ ವಿಜಯಾ ಅಲ್ಲೇ ನಿಂತಿದ್ದಳು. ಆ ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ವಿಜಯಾ ನಮ್ಮ ಮನೆಯ ಧರ್ಮರಕ್ಷಕಿ. ತತ್ತಿ ಹಾಕಿದ ಕೇಕು ಹೊಸ್ತಿಲು ದಾಟುವಂತಿಲ್ಲ. ನಮ್ಮ ಬೆಕ್ಕಿಗೆ ತುಳಸಿ ಎಂದು ಹೆಸರಿಟ್ಟವಳೂ ಅವಳೇ. ಮಲ್ಲಿನಾಥ ತುಳಸಿಯ ಹಿಕ್ಕೆಯನ್ನೂ ಡಬ್ಬಿಯಲ್ಲಿ ಒಯ್ಯಲು ಬಂದಾಗ ಒಂದು ಫಾರ್ಮು ತಂದಿದ್ದ. ಅದರಲ್ಲಿ, ಬೆಕ್ಕು ಏನು ತಿನ್ನುತ್ತದೆ ಎಂಬ ಪ್ರಶ್ನೆ.

"ಹಾಲು, ಮಸರು, ರೊಟ್ಟಿ," ಅಂದೆ.

"ನಮ್ಮ ತುಳಸಿ ತತ್ತಿ ಸುದ್ದಾ ಮುಟ್ಟಂಗಿಲ್ರಿ," ಎಂದು ವಿಜಯಾ ಸೇರಿಸಿದಳು. ಅವನು ಎರಡನ್ನೂ ಬರೆದುಕೊಂಡ. ಫಾರ್ಮಿನ ಮೇಲೆ ಅವನಿಗೆ ಅಷ್ಟು ಭಕ್ತಿ.

ಈಗ ನಿಮಗೊಂದು ಗುಟ್ಟು. ಕೆಳಗಿನ ಮನೆಯ ಶೇವಂತಾಬಾಯಿ ನನ್ನ ಗೆಳತಿ. ಪ್ರತಿ ಬುಧವಾರ ನಾನು ಅವಳ ಮನೆಗೆ ಭಜನೆಗೆ ಹೋಗುತ್ತೇನೆ. ಬುಧವಾರವೇ ಅವಳ ಮನೆಯಲ್ಲಿ ಕೋಳಿ ರಸ್ಸಾ, ಅಂದರೆ ಖಾರದ ಸಾರು. ದೇವರ ಲೀಲೆ, ಏನು ಮಾಡುವುದು! ನನ್ನ ಹಿಂದೆಯೇ ತುಳಸಿಯೂ ಭಕ್ತಿಯಿಂದ ಇಳಿದುಬರುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಮಲ್ಲಿನಾಥ ಪೇಢೆಯ ಡಬ್ಬಿ ಹಿಡಿದು ಬಂದ. ಹಿಕ್ಕೆಯಿಲ್ಲದ ಡಬ್ಬಿ ಅವನ ಕೈಯಲ್ಲಿ ನಾನು ಕಂಡದ್ದು ಅದೇ ಮೊದಲು.

"ಅಜ್ಜಿ, ತುಳಸಿ ಹೊಟ್ಟ್ಯಾಗ ಹೊಸಾ ವೈರಸ್ ಸಿಕ್ಕದ! ಇದರ ಬಳಗ ಎಲ್ಲಾ ಕೋಳ್ಯಾಗ ಇರೂದು. ನಿಮ್ಮ ಬೆಕ್ಕು ಕೋಳಿ ಮೂಸೂ ನೋಡಿಲ್ಲ. ಅಂದ್ರ ಕೋಳಿ ಬಳಗದ್ದು ಬೆಕ್ಕಿಗೆ ಜಿಗದದ! ಹನ್ನೆರಡು ವರ್ಷ ಹೇಲು ಬಳದೀನ್ರಿ, ಇಂಥಾದು ಈಗ ಸಿಕ್ತು. ಸೋಮವಾರ ಶಿವಾಜಿನಗರದ ಸಭಾದಾಗ ದೊಡ್ಡ ದೊಡ್ಡ ವಿಜ್ಞಾನಿಗಳ ಮುಂದ ಹೇಳಾಂವ ಇದ್ದೀನಿ."

ವಿಜಯಾ ಹಿಗ್ಗಿ ಹೀರೇಕಾಯಿಯಾದಳು. ಅವನು ಆಶೀರ್ವಾದ ಬೇಡಿ ನನ್ನ ಕಾಲಿಗೆ ಬಗ್ಗಿದ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಆದರೆ ಹನ್ನೆರಡು ವರ್ಷ ನೆಲ ನೋಡಿ ನಡೆದವನ ತಲೆಯ ಮೇಲೆ ಆ ಸುಳ್ಳನ್ನು ಇಡಲು ಕೈ ಬರಲಿಲ್ಲ. ಸೋಮವಾರ ಅಷ್ಟು ಮಂದಿಯ ಮುಂದೆ ಯಾರಾದರೂ ಇವನನ್ನೇ ಸುಳ್ಳ ಅಂದರೆ?

"ಏಳಪ್ಪಾ," ಅಂದೆ. "ತುಳಸಿ ಕೋಳಿ ತಿಂತದ. ಬುಧವಾರಕ್ಕೊಮ್ಮೆ. ಶೇವಂತಾಬಾಯಿ ಹಾಕ್ತಾಳ."

ವಿಜಯಾಳ ಬಾಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. ಮಲ್ಲಿನಾಥ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತ. ಬೈಯುತ್ತಾನೆ ಅಂದುಕೊಂಡೆ. ಪುಣ್ಯಾತ್ಮ ಚೀಲದಿಂದ ಹೊಸ ಫಾರ್ಮು ತೆಗೆದ!

"ಹಸೀದೋ, ಬೇಯಿಸಿದ್ದೋ?"

"ಹಸೀದು. ಬೇಯಿಸಿದ್ದು ಅದಕ್ಕ್ಯಾಕ?"

ಬರೆದುಕೊಂಡು ಎದ್ದು ಹೋದ. ಮೆಟ್ಟಿಲ ಮೇಲೆ ಅವನ ಕಾಲ ಸಪ್ಪಳ ಮುದುಕನದರಂತೆ ಕೇಳಿಸಿತು.

ಮೊದಲ ಸಲ ಅವನು ಹಿಕ್ಕೆಯಿಂದ ಬೇರೆಲ್ಲವನ್ನೂ ತೊಳೆದು ತೆಗೆದು ವೈರಸ್ಸನ್ನಷ್ಟೇ ಓದಿದ್ದನಂತೆ. ತೊಳೆಯದೆ ಎತ್ತಿಟ್ಟಿದ್ದ ಚೂರನ್ನು ಮತ್ತೆ ಯಂತ್ರಕ್ಕೆ ಹಾಕಿದಾಗ ಕೋಳಿಯ ಗುರುತೂ ಸಿಕ್ಕಿತು, ತುಳಸಿಯ ಹೊಟ್ಟೆಯಲ್ಲಿ ಕೋಳಿ ಕೂಗಿತು. ದೊಡ್ಡವರ ಮುಂದೆ ಹೇಳಬೇಕಿದ್ದ ದೊಡ್ಡ ಸುದ್ದಿ ಒಂದು ಸಾಲಿಗೆ ಇಳಿಯಿತು: ವೈರಸ್ಸು ಹೊಸದೇ, ಆದರೆ ಬಹುಶಃ ಕೋಳಿಯದು, ಬೆಕ್ಕು ತಿಂದು ದಾಟಿಸಿದೆ ಅಷ್ಟೆ. ಆ ಸಭೆಯ ಮರುದಿನ ನೋಡಿದರೆ, ಶೇವಂತಾಬಾಯಿ ಕೋಳಿ ಕೊಳ್ಳುವ ಅಂಗಡಿಯ ಮುಂದೆ ಬಗ್ಗಿ ನೆಲ ನೋಡುತ್ತಿದ್ದ, ಕೈಯಲ್ಲಿ ಡಬ್ಬಿ. ನನ್ನನ್ನು ಕಂಡು, "ತುಳಸಿ ಹೊಟ್ಟಿ ಆರಾಮ ಅದೇನ್ರಿ?" ಅಂದ. ನನ್ನ ಮೊಣಕಾಲು? ಆಗಲೂ ಕೇಳಲಿಲ್ಲ.

ಹೋದ ವರ್ಷ ಬಾವಲಿಗಳ ಹಿಂದೆ ಅಸ್ಸಾಂ ಕಡೆಗೆ ಹೊರಟುಹೋದ. ಮೇಲಿನ ಮನೆಗೆ ಈಗ ಬ್ಯಾಂಕಿನವರು ಬಂದಿದ್ದಾರೆ. ಬಹಳ ಸಭ್ಯರು, ದಿನವೂ ನನ್ನ ಮೊಣಕಾಲು ವಿಚಾರಿಸುತ್ತಾರೆ. ಎಂಥ ಬೇಸರ!

ಫೋನಿನಲ್ಲಿ ಟೈಪು ಮಾಡಲು ಕಲಿತ ಮೇಲೆ ನನ್ನ ಮೊದಲ ಸಂದೇಶ ಅವನಿಗೇ ಕಳಿಸಿದೆ: "ಮಲ್ಲಿನಾಥಾ, ನಿನಗ ಮಾಡಿದ ಮೋಸಕ್ಕ ಪ್ರಾಯಶ್ಚಿತ್ತ ಅಂತ, ನಂದೂ ಒಂದು ಡಬ್ಬಿ ಕಳಸಲೇನೋ ನಿನ್ನ ಯಂತ್ರಕ್ಕ?"

ತಕ್ಷಣ ಉತ್ತರ ಬಂತು:

"ಬ್ಯಾಡ್ರಿ ಅಜ್ಜಿ. ಬೇಯಿಸಿದ ಕೋಳಿ ಯಾರ ಹೊಟ್ಟ್ಯಾಗ ಹೋಗ್ಯಾದ ಅಂತ ನಿಮ್ಮ ಸೊಸಿಗೆ ಗೊತ್ತಾದ್ರ, ನಾ ಜವಾಬ್ದಾರ ಅಲ್ಲ."