ಇನ್ಶೂರೆನ್ಸಿನವನು ಬರುವ ಮೊದಲು

ಗೆಳೆಯರೇ, ಬಿರುಗಾಳಿಗೆ ಕಿತ್ತುಹೋದ ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್ ಮನೆಯ ಛಾವಣಿ ನೋಡಲು ಇವತ್ತು ಇನ್ಶೂರೆನ್ಸಿನವನು ಬಂದಿದ್ದ. ನಾನು ಆಫೀಸಿನಿಂದ ಓಡಿಬರುವಷ್ಟರಲ್ಲಿ, ಮೈಸೂರಿನಿಂದ ಬಂದಿರುವ ಅಮ್ಮ ಮನೆಯನ್ನು ಥಳಥಳ ಮಾಡಿಟ್ಟಿದ್ದಳು. ಕುಸಿದ ಸೀಲಿಂಗಿನ ಚೂರು, ಗಾಳಿ ಕಿತ್ತೆಸೆದ ಛಾವಣಿಯ ಹೊದಿಕೆ ಶಿಂಗಲ್ಸು, ಎಲ್ಲವೂ ಬೆಳಗ್ಗೆಯೇ ಕಸದ ಲಾರಿ ಹತ್ತಿದ್ದವು.

“ಹೊರಗಿನೋರು ಬರ್ತಾರೆ ಅಂದ್ಯಲ್ಲೋ, ಮನೆ ಹಾಗೇ ಬಿಡೋಕಾಗತ್ತಾ?” ಎಂದಳು.

ಕ್ಯಾಮೆರಾಕ್ಕೆ ರೀಲು ಇರಲಿಲ್ಲವೆಂದು ನಾನು ಫೋಟೋ ಕೂಡ ತೆಗೆದಿರಲಿಲ್ಲ.

ಇನ್ಶೂರೆನ್ಸಿನವನು ಅಮ್ಮ ಕೊಟ್ಟ ಕಾಫಿ ಕುಡಿದು, ಮೇಲಿನ ತೂತು ನೋಡಿ, “ಇದು ಹಳೆಯ ಸೋರಿಕೆ. ಗಾಳಿ ಕಿತ್ತಿದ್ದಕ್ಕೆ ಸಾಕ್ಷಿ ಎಲ್ಲಿ?” ಎಂದ. ಕ್ಲೇಮು ಅಲ್ಲಿಗೇ ಮುಗಿಯಿತು.

ಈಗ ಮತ್ತೆ ಮಳೆ. ಮಗಳ ಮಂಚದ ಮೇಲೆ ನೀರು ಸುರಿಯುತ್ತಿದೆ. ಅಮ್ಮ ಒರೆಸುವ ಬಟ್ಟೆ ಹಿಡಿದು ಬಂದಳು.

“ಬಿಡಮ್ಮ,” ಎಂದೆ. “ಇನ್ಯಾರೂ ನೋಡೋಕೆ ಬರಲ್ಲ.”