ಕಾಡಿಗೆಯ ಚುಕ್ಕಿ
ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಸರ್ಕಾರಿ ಮನೆಗೆ ಅರ್ಜಿ ಹಾಕಿ ಕೂತವರು ಬಹಳ. ಅವರಲ್ಲಿ ನಮ್ಮ ಸಾತಪ್ಪನಂಥವನು ಒಬ್ಬನೇ. ಅರವತ್ತನೆಯ ಇಸವಿಯಲ್ಲಿ ಅರ್ಜಿ ಕೊಟ್ಟಾಗಿನಿಂದ ನಾಲ್ಕು ವರ್ಷ, ಪಾಳಿ ಮುಗಿದರೆ ನೆಟ್ಟಗೆ ಬಾಡಿಗೆ ಖೋಲಿಗೆ ಹೋಗುವುದಿಲ್ಲ. ಕಾರ್ಮಿಕರ ಕಾಲೊನಿ ಏಳಬೇಕಾದ ಬಯಲಿಗೆ ಸೈಕಲ್ ತುಳಿಯುತ್ತಾನೆ. ಅಲ್ಲಿ ಬರೀ ಜಾಲಿಮುಳ್ಳು. ಆದರೂ ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಹೋಗಿ, ಜೊತೆಗೆ ಹೋದ ನಮಗೆ “ಚಪ್ಪಲಿ ಬಿಟ್ಟು ಬರ್ರಿ, ಇದು ಅಡಗಿಮನಿ” ಎನ್ನುತ್ತಾನೆ. ಮುಳ್ಳಿನಲ್ಲಿ ಯಾರು ಬಿಡುತ್ತಾರೆ? “ಅರ್ಜಿ ಏನಾತೋ?” ಎಂದರೆ, “ಮಂಜೂರ ಆಗೇತ್ರಿ!” ಎಂದು ಕಿಸೆ ತಟ್ಟುತ್ತಾನೆ. ಮೊನ್ನೆ ಆ ಬಯಲಿನಲ್ಲೇ ಕಿಸೆಯ ಮರಾಠಿ ಕಾಗದ ತೋರಿಸಿದ. ಅರ್ಜಿ ಮುಟ್ಟಿದೆ ಎಂಬ ರಸೀದಿ, ಅಷ್ಟೇ. ಅವನ ಹೆಸರಿನ ಮುಂದೆ ಉದ್ಯೋಗ ‘ಮಜೂರ’, ಅಂದರೆ ಕೂಲಿಯವ, ಎಂದು ಬರೆದಿದ್ದರು. ಮರಾಠಿಯಲ್ಲಿ ಸೊನ್ನೆಯನ್ನು ಅಕ್ಷರದ ನೆತ್ತಿಯ ಮೇಲೆ ಚುಕ್ಕಿಯಾಗಿ ಇಡುತ್ತಾರೆ. ಇಲ್ಲಿ ‘ಮ’ದ ನೆತ್ತಿಗೆ ಯಾವುದೋ ಚುಕ್ಕಿ ಬಿದ್ದು, ‘ಮಜೂರ’ ಹೋಗಿ ‘ಮಂಜೂರ’ ಆಗಿತ್ತು. ಚುಕ್ಕಿಯನ್ನು ಮುಟ್ಟಿ ನೋಡಿದೆ; ಬೆರಳು ಕಪ್ಪಾಯಿತು. “ಅಳಸಬ್ಯಾಡ್ರಿ, ಅದು ಕಾಡಿಗಿ!” ಎಂದು ಸಾತಪ್ಪ ಕಾಗದ ಕಸಿದುಕೊಂಡ. “ಮನಿಗೆ ದೃಷ್ಟಿ ಆಗಬಾರದಂತ ನಮ್ಮಾಕಿ ಹಚ್ಚ್ಯಾಳ.” ನಾನು ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋದೆ.