ನಕಲಿಗೆ ಸಿಗದ ನಾಗತ್ತೆ

ನೀವು ಬೈಯುವ ಮೊದಲೇ ಹೇಳಿಬಿಡುತ್ತೇನೆ: ನಾಗತ್ತೆಯ ನಡಿಗೆಯನ್ನು ನಕಲು ಮಾಡಿ ಊರನ್ನೆಲ್ಲ ನಗಿಸಿದ ಕತ್ತೆ ನಾನೇ. ನಿನ್ನೆ ಕುಮಟಾ ಪೇಟೆಯ ಅಂಗಡಿಯಲ್ಲಿ ಬೆವರುಸಾಲೆ ಪೌಡರಿನ ಡಬ್ಬಿ ಬಿದ್ದು ಘಮ್ಮೆಂದಾಗ ಅದೆಲ್ಲ ನೆನಪಾಯಿತು.

ನಾಗತ್ತೆ ಅಪ್ಪನ ಅಕ್ಕ; ಹೊನ್ನಾವರದಲ್ಲಿ ಒಣಮೀನು ಮಾರುತ್ತಾಳೆ. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ. ಎದೆಭಾರಕ್ಕೆ ಬಾಗಿದ ಬೆನ್ನು, ಒಳಉಡುಪಿನ ಪಟ್ಟಿ ಕೊರೆದ ಹೆಗಲು, ಎದೆಯ ಕೆಳಗೆ ಮಾಯದ ಕಜ್ಜಿ. ಅದಕ್ಕೇ ಆ ಪೌಡರು. ನನಗೆ ಕಂಡದ್ದು ನಡಿಗೆ ಮಾತ್ರ. ಕರ್ಕಿಯ ಯಕ್ಷಗಾನದ ಆಟಗಳಲ್ಲಿ ಸ್ತ್ರೀವೇಷ ಹಾಕುವವನು ನಾನು. ಬಣ್ಣ ಬಳಿದರೂ ನನ್ನ ಮೂಗಿಗೆ ಯಾವ ರಾಜನೂ ಮರುಳಾಗುವುದಿಲ್ಲ, ಆ ಮಾತು ಬೇರೆ. ಕುಪ್ಪಸದೊಳಗೆ ಟವೆಲು ತುರುಕಿ, ಸೊಂಟಕ್ಕೆ ಕೈಕೊಟ್ಟು, ಏದುಸಿರು ಬಿಡುತ್ತ ನಡೆದರೆ ಸಾಕು, ಚಪ್ಪಾಳೆ. ಅವಳೂ ನಗುತ್ತಿದ್ದಳು.

ಅವಳಿಗೆ ಅರವತ್ತು ದಾಟಿದ ಮೇಲೆ ಒಂದು ದಿನ, “ತಮಾ, ಎದೆ ಸಣ್ಣ ಮಾಡ್ಸೂಕೆ ಆಪರೇಶನ್ನು ಅದೆ ಅಂದ್ರು ಡಾಕ್ಟ್ರು. ಜೊತೆಗೆ ಬತ್ಯಾ?” ಎಂದಳು. ನನ್ನ ನಕಲೇ ಕಾರಣವೆಂದು ಬೆವತೆ. ನನ್ನ ಕಲೆಯ ಮೇಲೆ ನನಗೆ ಅಷ್ಟು ಜಂಬ!

ಆಸ್ಪತ್ರೆಯಲ್ಲಿ ಉಳಿದ ಮಂಚಗಳ ಬಳಿ ಮಗಳೋ ಸೊಸೆಯೋ ಇದ್ದರು. “ಡ್ರೆಸಿಂಗ್ ಹೇಳ್ಕೊಡ್ಬೇಕು, ಮನೆ ಹೆಂಗಸರನ್ನ ಕರೀರಿ” ಎಂದಳು ನರ್ಸು. ಅತ್ತೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರಿರಬೇಕು?

“ಇಂವನೇಯಾ ನಮ್ಮನೆ ಹೆಂಗ್ಸು. ಸೀರೆನೂ ಉಡ್ತಾ” ಎಂದು ಅತ್ತೆ ನನ್ನತ್ತ ಕೈ ತೋರಿಸಿದಳು.

ವಾರ್ಡೆಲ್ಲ ನಕ್ಕಿತು. ಅವಳು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದಳು.

ಒಂದು ಕಡೆಯ ಗಾಯ ಮಾಯಲು ತಡವಾಯಿತು. ಕಲೆ ಉಳಿಯಿತು, ಚೂರು ಜೋಮೂ. ಆದರೆ ಬೆನ್ನು ನೆಟ್ಟಗಾಯಿತು. ಈಗ ಅವಳ ನಕಲು ಮಾಡಹೋದರೆ ನನ್ನದೇ ನಡಿಗೆ ಬರುತ್ತದೆ, ಜೊತೆಯಿಲ್ಲದ ಒಂಟೆಯದು. ಇಷ್ಟೆಲ್ಲ ಆಗಿ ಅವಳಿಗೆ ಸಮಾಧಾನವಾಯಿತೇ ಎಂದು ಕೇಳುವ ಧೈರ್ಯ ಮಾತ್ರ ನನಗೆ ಬಂದಿರಲಿಲ್ಲ.

ನಿನ್ನೆ ಕುಮಟಾದಿಂದ ಮರಳುವಾಗ ಅವಳ ಮನೆಗೆ ಹೋದೆ. ಸಂತೆಯಲ್ಲಿ ಅವಳ ಪಕ್ಕವೇ ಕೂತು ಮಾರುವ ಭಟ್ಕಳದ ದೇವಕಿ ಬಂದಿದ್ದಳು. ನಾನು ಕೇಳದ್ದನ್ನು ಅವಳೇ ಕೇಳಿಬಿಟ್ಟಳು: “ಅಲ್ದೇ ನಾಗಿ, ಈ ವಯಸ್ಸಲ್ಲಿ ಅಷ್ಟು ನೋವು ತಿಂದ್ಯಲೇ, ನಿನ್ನ ಚೆಂದ ನೋಡೂಕೆ ಯಾರಿದ್ರು?”

ಯಾರ ದನಿ ತೆಗೆದು ನಗಿಸಲಿ ಎಂದು ತಡಕಾಡಿದೆ. ಒಂದೂ ಸಿಗಲಿಲ್ಲ.

ನಾಗತ್ತೆ ಒಣಗಲು ಹರಡಿದ ಮೀನು ತಿರುವಿ ಹಾಕುತ್ತಲೇ ಹೇಳಿದಳು: “ನೋಡೂಕೆ ಯಾರೂ ಇಲ್ಲ, ಖರೆ. ತಲೆ ಮೇಲಿನ ಬುಟ್ಟಿ ಇಳ್ಸೂಕೆ ನೀ ಕೈ ಕೊಡ್ತಿದ್ದೆ ಮಾರಾಯ್ತಿ. ಇದ ಇಳ್ಸೂಕೆ ನಾನೇ ಹೋಗ್ಬೇಕಾತು.”